ಹಾಸನದಲ್ಲಿ ಉದ್ಯೋಗ ಸಮಾಲೋಚಕರಾಗಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹುಡುಕಿಕೊಂಡು ಬಂದವರ ಎದುರು ಕೂತು ಅವರ ಓದು, ಅನುಭವ, ಮನೆಯ ಪರಿಸ್ಥಿತಿ ವಿಚಾರಿಸಿ ದಾರಿ ತೋರಿಸುವುದು ನನ್ನ ವೃತ್ತಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಮನಃಶಾಸ್ತ್ರ ಓದುತ್ತಿರುವವರು, ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ ಜವಾಬ್ದಾರಿ ಹೊಸದಾಗಿ ಹೆಗಲಿಗೆ ಬಿದ್ದ ಉಪನ್ಯಾಸಕರು, ತರಬೇತಿ ಕೇಂದ್ರಗಳಿಗೆ ಸೇರಿದ ಯುವಕ ಯುವತಿಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ತರಹದವು. ಈ ಕೆಲಸಕ್ಕೆ ಬರಬೇಕೆಂದಿರುವವರಿಗೂ, ಬಂದು ತಬ್ಬಿಬ್ಬಾಗಿರುವವರಿಗೂ ಉಪಯೋಗವಾಗಲಿ ಎಂದು ಉತ್ತರಗಳನ್ನು ಒಂದೆಡೆ ಬರೆದಿದ್ದೇನೆ. ಉದಾಹರಣೆಗಳು ಹಾಸನದವು. ಚಿಕ್ಕಮಗಳೂರು ಕಡೆಯವರಿಗೂ ಬಹುಪಾಲು ಹೊಂದುತ್ತವೆ.

ಉದ್ಯೋಗ ಸಮಾಲೋಚಕರು ಅಂದರೆ ಕೆಲಸ ಕೊಡಿಸುವವರೇ?

ಅಲ್ಲ. ಆದರೆ ಬರುವವರಲ್ಲಿ ಬಹುತೇಕರು ಹಾಗೆಂದುಕೊಂಡೇ ಬರುತ್ತಾರೆ. "ಎಲ್ಲಾದ್ರೂ ಒಂದ್ಕಡೆ ಸೇರಿಸ್ಬಿಡಿ ಮೇಡಂ, ನಿಮಗೆ ಪುಣ್ಯ ಬರುತ್ತೆ" ಎಂದು ಕೈ ಮುಗಿಯುವ ತಂದೆಯರನ್ನು ದಿನಾ ನೋಡುತ್ತೇವೆ. ಕೆಲಸ ಕೊಡುವುದು ಕಂಪನಿಯವರ ಕೈಯಲ್ಲಿದೆ. ನಾವು ಮಾಡಬೇಕಾದ್ದು ಮೂರು: ಎದುರಿಗಿರುವವರಿಗೆ ನಿಜವಾಗಿ ಏನು ಬರುತ್ತದೆ ಎಂದು ತಿಳಿದುಕೊಳ್ಳುವುದು, ಯಾವ ಕೆಲಸ ಎಲ್ಲಿದೆ, ಅದರ ಕಷ್ಟವೇನು ಲಾಭವೇನು ಎಂದು ಮುಚ್ಚುಮರೆಯಿಲ್ಲದೆ ಹೇಳುವುದು, ಆಮೇಲೆ ನಿರ್ಧಾರವನ್ನು ಅವರಿಗೇ ಬಿಡುವುದು. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ನಾವು ಹೇಳಿದ್ದಕ್ಕೆ ತಲೆಯಾಡಿಸಿ ಹೋದವರು ಹದಿನೈದು ದಿನದಲ್ಲಿ ಕೆಲಸ ಬಿಟ್ಟು ಊರಿಗೆ ಬರುತ್ತಾರೆ. ತಾವೇ ಲೆಕ್ಕ ಹಾಕಿ, ಮನೆಯವರ ಜೊತೆ ಜಗಳವಾಡಿಯಾದರೂ ಒಪ್ಪಿಕೊಂಡು ಹೋದವರು ನಿಲ್ಲುತ್ತಾರೆ.

ಏನು ಓದಿರಬೇಕು?

ಇಂಥದ್ದೇ ಪದವಿ ಬೇಕೆಂಬ ಒಂದೇ ನಿಯಮವಿಲ್ಲ, ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ. ಎಂಎಸ್‌ಡಬ್ಲ್ಯೂ, ಮನಃಶಾಸ್ತ್ರ, ಎಚ್‌ಆರ್ ವಿಷಯದ ಎಂಬಿಎ ಮಾಡಿದವರನ್ನು ಮೊದಲು ನೋಡುತ್ತಾರೆ. ಈಗಾಗಲೇ ಶಿಕ್ಷಕರಾಗಿದ್ದು ಈ ಕಡೆ ಒಲವಿರುವವರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಒಳ್ಳೆಯ ಆಯ್ಕೆ. ಅದರ ಕೇಂದ್ರಗಳಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು. ಆಯಾ ವರ್ಷದ ಪ್ರಕಟಣೆ ನೋಡಿಕೊಂಡೇ ಅರ್ಜಿ ಹಾಕಿ.

ಪದವಿಯಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಪಹಣಿ ಅಂದರೇನು, ಎಸ್ಟೇಟಿನಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಯಾರು ಬರೆಯುತ್ತಾರೆ, ಗಾರ್ಮೆಂಟ್ಸ್‌ನಲ್ಲಿ ಲೈನ್ ಅಂದರೇನು, ಅರಸೀಕೆರೆಯಿಂದ ಬೆಳಗಿನ ಶಿಫ್ಟಿಗೆ ಬರಲು ಎಷ್ಟು ಹೊತ್ತಿಗೆ ಬಸ್ಸಿದೆ, ಇವು ಗೊತ್ತಿಲ್ಲದ ಸಮಾಲೋಚಕರ ಮಾತಿಗೆ ಇಲ್ಲಿ ಬೆಲೆ ಸಿಗುವುದಿಲ್ಲ.

ಎಲ್ಲೆಲ್ಲಿ ಅವಕಾಶ ಇದೆ? ಹುದ್ದೆ ಕಾಯಂ ಇರುತ್ತದೆಯೇ?

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ, ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆಯಡಿ ನಡೆಯುವ ಮಾದರಿ ವೃತ್ತಿ ಕೇಂದ್ರಗಳು, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಮತ್ತು ಪದವಿ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌, ಕೌಶಲ ತರಬೇತಿ ನಡೆಸುವ ಸಂಸ್ಥೆಗಳು, ಎನ್‌ಜಿಒಗಳು. ಸರ್ಕಾರದ ಕಾಯಂ ಹುದ್ದೆಗಳು ಕಡಿಮೆ. ಹೆಚ್ಚಿನವು ಗುತ್ತಿಗೆ ಅಥವಾ ಹೊರಗುತ್ತಿಗೆ, ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಇದನ್ನು ತಿಳಿದುಕೊಂಡೇ ಬನ್ನಿ. ಬೇರೆಯವರಿಗೆ ಪಿಎಫ್ (ಭವಿಷ್ಯ ನಿಧಿ) ಇದೆಯಾ ಕೇಳಿ ಎನ್ನುವ ನಾವು ನಮ್ಮ ಆಫರ್ ಲೆಟರ್‌ನಲ್ಲಿ ಅದನ್ನು ನೋಡದೆ ಸಹಿ ಹಾಕಬಾರದು. ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್‌ನಲ್ಲಿ ಸಮಾಲೋಚಕರಾಗಿಯೂ ನೋಂದಾಯಿಸಿಕೊಳ್ಳಬಹುದು.

ಎಂಪ್ಲಾಯ್‌ಮೆಂಟ್ ಕಾರ್ಡ್ ಮಾಡಿಸಿ ವರ್ಷಗಳಾಯ್ತು, ಒಂದು ಕಾಲ್ ಲೆಟರೂ ಬಂದಿಲ್ಲ ಎನ್ನುವವರಿಗೆ ಏನು ಹೇಳುವುದು?

ಪೂರ್ತಿ ಇತಿಹಾಸ ಹೇಳಿ. ಅರ್ಥವಾದರೆ ಸಿಟ್ಟು ಇಳಿಯುತ್ತದೆ.

ಈ ಕಾರ್ಡ್ ಕೊಡುವ ಉದ್ಯೋಗ ವಿನಿಮಯ ಕಚೇರಿಗಳು ಶುರುವಾದದ್ದು 1945ರಲ್ಲಿ, ಎರಡನೇ ಮಹಾಯುದ್ಧ ಮುಗಿದು ಸೇನೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಸೈನಿಕರಿಗೆ ಕೆಲಸ ಹುಡುಕಿಕೊಡಲು. ಆಮೇಲೆ ಎಲ್ಲರಿಗೂ ತೆರೆದುಕೊಂಡವು. 1959ರ ಕಾಯ್ದೆ ಬಂದು, ಖಾಲಿ ಹುದ್ದೆಗಳ ಮಾಹಿತಿಯನ್ನು ಕಚೇರಿಗೆ ತಿಳಿಸುವುದನ್ನು ಸರ್ಕಾರಿ ಸಂಸ್ಥೆಗಳಿಗೂ ನಿಗದಿತ ಸಂಖ್ಯೆಗಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳಿಗೂ ಕಡ್ಡಾಯ ಮಾಡಿತು. ತಿಳಿಸುವುದಷ್ಟೇ ಕಡ್ಡಾಯವಾಗಿತ್ತು. ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಎಂದು ಆ ಕಾಯ್ದೆ ಯಾವತ್ತೂ ಹೇಳಿರಲಿಲ್ಲ. ಆದರೂ ಎಷ್ಟೋ ಇಲಾಖೆಗಳು ಕಾರ್ಡಿನ ಹಿರಿತನದ ಮೇಲೆ ಪಟ್ಟಿ ತರಿಸಿಕೊಂಡು ನೇಮಕ ಮಾಡುತ್ತಿದ್ದವು. ನಮ್ಮ ಅಪ್ಪಂದಿರ ತಲೆಮಾರಿಗೆ ನೆನಪಿರುವುದು ಆ ಕಾಲ. 1996ರಲ್ಲಿ ಸುಪ್ರೀಂ ಕೋರ್ಟ್, ಕಚೇರಿಯ ಪಟ್ಟಿಗೆ ಮಾತ್ರ ನೇಮಕಾತಿಯನ್ನು ಸೀಮಿತಗೊಳಿಸಬಾರದು, ಪತ್ರಿಕೆಗಳಲ್ಲೂ ಪ್ರಕಟಿಸಿ ಎಲ್ಲ ಅರ್ಹರಿಗೂ ಅವಕಾಶ ಕೊಡಬೇಕು ಎಂದಿತು. ಈಗ ನಮ್ಮಲ್ಲಿ ಸರ್ಕಾರಿ ಹುದ್ದೆ ಎಂದರೆ ಕೆಪಿಎಸ್‌ಸಿ, ಕೆಇಎ, ಎಸ್‌ಎಸ್‌ಸಿ, ಐಬಿಪಿಎಸ್‌ನಂಥ ಸಂಸ್ಥೆಗಳ ಅಧಿಸೂಚನೆ ಮತ್ತು ಪರೀಕ್ಷೆ.

ಹಾಗಾಗಿ ಕಾರ್ಡ್ ಮಾಡಿಸಿ ಮನೆಯಲ್ಲಿ ಕೂತರೆ ಪತ್ರ ಬರುವುದಿಲ್ಲ. ಹಾಗೆಂದು ನೋಂದಣಿ ದಂಡವೂ ಅಲ್ಲ. ಉದ್ಯೋಗ ಮೇಳದ ಮಾಹಿತಿ, ಅಪ್ರೆಂಟಿಸ್ ಅವಕಾಶ, ಖಾಸಗಿ ಹುದ್ದೆಗಳ ಸುದ್ದಿ ಆ ಮೂಲಕ ತಲುಪುತ್ತದೆ. 2015ರಲ್ಲಿ ಶುರುವಾದ ರಾಷ್ಟ್ರೀಯ ವೃತ್ತಿ ಸೇವೆ ಪೋರ್ಟಲ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಎರಡರಲ್ಲೂ ಹೆಸರು ಬರೆಸಲು ದುಡ್ಡು ಕೊಡಬೇಕಿಲ್ಲ. ಪ್ರೊಫೈಲ್‌ನಲ್ಲಿ ಹಳೇ ಮೊಬೈಲ್ ನಂಬರ್ ಇದ್ದರೆ ಮಾತ್ರ ಎಲ್ಲವೂ ವ್ಯರ್ಥ. ಮೊದಲು ಅದನ್ನು ನೋಡಿ.

ಮೊದಲ ಭೇಟಿಯಲ್ಲಿ ಏನು ಕೇಳಬೇಕು?

"ಏನು ಓದಿದ್ದೀಯ?" ಎಂದು ಶುರು ಮಾಡಬೇಡಿ. ಫೇಲಾದವರು, ಅರ್ಧಕ್ಕೆ ಬಿಟ್ಟವರು ಅಲ್ಲೇ ಮುದುಡಿಕೊಳ್ಳುತ್ತಾರೆ. "ಈಗ ದಿನ ಹೇಗೆ ಕಳೆಯುತ್ತೀಯಪ್ಪ? ಹೋದ ವಾರ ಏನೇನು ಮಾಡಿದೆ?" ಎಂದು ಕೇಳಿ.

ಸಕಲೇಶಪುರ ಕಡೆಯ ಹುಡುಗನೊಬ್ಬ ಅರ್ಜಿಯಲ್ಲಿ ಅನುಭವದ ಜಾಗದಲ್ಲಿ "ಇಲ್ಲ" ಎಂದು ಬರೆದಿದ್ದ. ಬಿಎ ಮುಗಿದು ಮೂರು ವರ್ಷ ಖಾಲಿ. ಕಂಪನಿಯವರು ಗ್ಯಾಪ್ ಯಾಕೆ ಎಂದು ಕೇಳುತ್ತಾರೆ ಅನ್ನುವ ಭಯ ಅವನಿಗೆ. ಮಾತಾಡುತ್ತಾ ಹೋದಾಗ ಗೊತ್ತಾಯಿತು, ಅಷ್ಟೂ ದಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್‌ಗೆ, ಅಂದರೆ ಲೆಕ್ಕ ಬರೆಯುವ ಗುಮಾಸ್ತರಿಗೆ, ಸಹಾಯಕನಾಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ, ಚೆಕ್‌ರೋಲ್ ಬರೆಯುವುದು, ಕೊಯ್ಲಿನಲ್ಲಿ ಸಂಜೆ ಪ್ರತಿಯೊಬ್ಬರ ಹಣ್ಣು ತೂಗಿ ಕೆಜಿ ಲೆಕ್ಕ ಹಾಕುವುದು, ಗೊಬ್ಬರ, ಡೀಸೆಲ್, ಗೋಣಿಚೀಲದ ಸ್ಟಾಕ್, ವಾರದ ಬಟವಾಡೆಗೆ ಚಿಲ್ಲರೆ ಸಮೇತ ದುಡ್ಡು ಹೊಂದಿಸುವುದು. ಅಸ್ಸಾಂನಿಂದ ಬಂದ ಕಾರ್ಮಿಕರ ಜೊತೆ ವ್ಯವಹರಿಸಿ ಹಿಂದಿ ಕಲಿತಿದ್ದ. "ಅದೆಲ್ಲ ಎಸ್ಟೇಟ್ ಕೆಲ್ಸ ಮೇಡಂ, ಅದನ್ನ ಬರೀತಾರಾ?" ಎಂದು ಕೇಳಿದ.

ಬರೆಯಲೇಬೇಕು. ಅವನ ಬಯೋಡೇಟಾದಲ್ಲಿ ಹಾಜರಿ ಮತ್ತು ಕೂಲಿ ಲೆಕ್ಕ, ಸ್ಟಾಕ್ ರಿಜಿಸ್ಟರ್, ತೂಕ ಮತ್ತು ದಾಖಲೆ, ಕಾರ್ಮಿಕರ ಮೇಲ್ವಿಚಾರಣೆ ಎಂದು ನಾಲ್ಕು ಸಾಲು ಬರೆದೆವು. ಸುಳ್ಳು ಒಂದೂ ಇರಲಿಲ್ಲ. ಎಸ್ಟೇಟಿನವರು ಅನುಭವ ಪತ್ರ ಕೊಡಲು ಒಪ್ಪಿದರು. ಅವನೀಗ ಗೋದಾಮೊಂದರಲ್ಲಿ ಸ್ಟೋರ್ ಅಸಿಸ್ಟೆಂಟ್.

ನಮ್ಮ ಜಿಲ್ಲೆಯಲ್ಲಿ "ಅನುಭವ ಇಲ್ಲ" ಎನ್ನುವವರಲ್ಲಿ ಅರ್ಧ ಜನಕ್ಕಾದರೂ ಇಂಥ ಕೆಲಸ ಗೊತ್ತಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಲಿನ ಡೇರಿಯಲ್ಲಿ ಫ್ಯಾಟ್ ಟೆಸ್ಟ್ ಮಾಡಿದವರು, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆದವರು, ಚನ್ನರಾಯಪಟ್ಟಣ ಕಡೆ ತೆಂಗಿನಕಾಯಿ ವ್ಯಾಪಾರದಲ್ಲಿ ಮಾವನ ಜೊತೆ ಓಡಾಡಿದವರು. ಅವರು ತಾವಾಗಿ ಹೇಳುವುದಿಲ್ಲ, ನಾವು ಕೆದಕಿ ಕೇಳಬೇಕು.

ಆಸಕ್ತಿ ಪರೀಕ್ಷೆ, ಆಪ್ಟಿಟ್ಯೂಡ್ ಟೆಸ್ಟ್ ಮಾಡಿಸಬೇಕೇ?

ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಮಾತು ಶುರು ಮಾಡಲು ಒಳ್ಳೆಯದು. ಅಮೆರಿಕದ ಜಾನ್ ಹಾಲಂಡ್ ಮಾಡಿದ ಆರು ಬಗೆಯ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ: ಕೈಕೆಲಸದ ಒಲವಿನವರು, ಶೋಧಿಸುವವರು, ಕಲೆಯ ಒಲವಿನವರು, ಜನರ ಜೊತೆ ಬೆರೆಯುವವರು, ವ್ಯವಹಾರಸ್ಥರು, ಅಚ್ಚುಕಟ್ಟಾಗಿ ಲೆಕ್ಕಪತ್ರ ಇಡುವವರು. ಆದರೆ ಟೆಸ್ಟಿನ ಫಲಿತಾಂಶವನ್ನೇ ತೀರ್ಪು ಮಾಡಿ ಮನೆಗೆ ಕಳಿಸಬೇಡಿ. ಇಂಗ್ಲಿಷಿನಲ್ಲಿರುವ ಪರೀಕ್ಷೆಯನ್ನು ಕನ್ನಡ ಮಾಧ್ಯಮದ ಮಗುವಿಗೆ ಕೊಟ್ಟರೆ ಅಳತೆಯಾಗುವುದು ಅದರ ಇಂಗ್ಲಿಷ್ ಮಾತ್ರ.

ತಂದೆ ತಾಯಿ ಜೊತೆಗೆ ಬಂದು ಅವರೇ ಮಾತಾಡಿದರೆ?

ಅವರನ್ನು ಹೊರಗೆ ಕಳಿಸುವ ಪಾಠ ಪುಸ್ತಕದಲ್ಲಿದೆ. ಹಾಸನದಲ್ಲಿ ಅದು ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಮಗಳನ್ನು ಕೆಲಸಕ್ಕೆ ಕಳಿಸುವುದು ಇಡೀ ಮನೆಯ ನಿರ್ಧಾರ. ಮನೆಯವರಿಗೆ ಬೇಕಾದ ಉತ್ತರ ಸಿಗದೆ ಹೋದರೆ ಮಗಳ ಆಸೆ ಬಾಗಿಲಲ್ಲೇ ನಿಲ್ಲುತ್ತದೆ.

ಆಲೂರು ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ಬಿಕಾಂ. ಹಾಸನದ ಒಂದು ಕಚೇರಿಯಲ್ಲಿ ಅಕೌಂಟ್ಸ್ ಕೆಲಸ ಸಿಗುವಂತಿತ್ತು. ತಾಯಿ ಕೇಳಿದ ಮೊದಲ ಪ್ರಶ್ನೆ ಸಂಬಳದ್ದಾಗಿರಲಿಲ್ಲ: "ಸಂಜೆ ಎಷ್ಟೊತ್ತಿಗೆ ಬಿಡ್ತಾರೆ ಮೇಡಂ? ಬಸ್ ತಪ್ಪಿದ್ರೆ?" ನಾನು ಸಂಸ್ಥೆಯವರಿಗೆ ಅಲ್ಲೇ ಫೋನ್ ಮಾಡಿ ಸಮಯ ಕೇಳಿದೆ. ಆ ಹೊತ್ತಿಗಿರುವ ಬಸ್ಸುಗಳನ್ನು ಅಮ್ಮನೇ ಹೇಳಿದರು, ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಕಚೇರಿಯಲ್ಲಿ ಬೇರೆ ಹೆಂಗಸರು ಇದ್ದಾರಾ ಎಂದು ಕೇಳಿದರು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾನೂನಿದೆ ಎಂದು ತಿಳಿಸಿದೆ. ಹುಡುಗಿ ಅಲ್ಲಿಯವರೆಗೂ ಸುಮ್ಮನಿದ್ದವಳು, "ಅಮ್ಮ, ಟ್ಯಾಲಿ ಕಲ್ತಿರೋದು ಮರ್ತೋಗುತ್ತೆ ಇನ್ನೂ ಒಂದು ವರ್ಷ ಕೂತ್ರೆ" ಎಂದಳು. ಅದು ಅವಳ ಮಾತು. ಅದು ಬರುವವರೆಗೆ ಕಾಯುವುದು ನಮ್ಮ ಕೆಲಸ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಈ ಮಾತುಕತೆ ಸ್ವಲ್ಪ ಸುಲಭವಾಗಿದೆ. ಸಾರಿಗೆ ನಿಗಮದ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಉಳಿಯುವುದರಿಂದ, ಸಣ್ಣ ಸಂಬಳಕ್ಕೆ ದಿನಾ ಹೋಗಿಬರುವುದೂ ಹೆಣ್ಣುಮಕ್ಕಳಿಗೆ ಗಿಟ್ಟುತ್ತದೆ. ಖಾಸಗಿ ಬಸ್ಸೇ ಹೆಚ್ಚಿರುವ ಮಲೆನಾಡಿನ ದಾರಿಗಳಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಊರಿನ ಹೆಸರು ಕೇಳಿಯೇ ಮಾತಾಡಿ.

ಹಾಸನದಲ್ಲೇ ಕೆಲಸ ಇದೆಯಾ, ಎಲ್ಲರೂ ಬೆಂಗಳೂರಿಗೇ ಹೋಗಬೇಕಾ?

ಇದೆ, ಆದರೆ ಎಲ್ಲ ಓದಿಗೂ ಇಲ್ಲ. ಕೈಗಾರಿಕಾ ಪ್ರದೇಶ ಮತ್ತು ಜವಳಿ ವಿಶೇಷ ಆರ್ಥಿಕ ವಲಯದ ಕಾರ್ಖಾನೆಗಳಲ್ಲಿ ಟೈಲರ್, ಹೆಲ್ಪರ್, ಚೆಕ್ಕರ್, ಮೇಂಟೆನೆನ್ಸ್ ಎಲೆಕ್ಟ್ರೀಷಿಯನ್, ಫಿಟ್ಟರ್ ಬೇಕಾಗುತ್ತಾರೆ. ಹಾಲು ಒಕ್ಕೂಟ, ಕಾಫಿ ಕ್ಯೂರಿಂಗ್ ವರ್ಕ್ಸ್, ಆಸ್ಪತ್ರೆಗಳು, ವಾಹನ ಶೋರೂಂಗಳು, ಫೈನಾನ್ಸ್ ಸಂಸ್ಥೆಗಳು ಇವೆ. ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಪ್ರವಾಸೋದ್ಯಮ ಅಲ್ಲಿ ಇನ್ನಷ್ಟು ಬೆಳೆದರೆ ಗೈಡ್, ಹೋಟೆಲ್ ಕೆಲಸಗಳೂ ಬೆಳೆಯುತ್ತವೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಸುತ್ತ ಹೋಂಸ್ಟೇ, ರೆಸಾರ್ಟುಗಳಿಗೆ ಅಡುಗೆ, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಜನ ಬೇಕು.

ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಮಾಡಿದವರಿಗೆ ಮಾತ್ರ ಬೆಂಗಳೂರೇ ಗತಿ, ಸದ್ಯಕ್ಕೆ. "ಎಂಸಿಎಫ್‌ಗೆ ಸೇರಿಸಿ" ಎಂದು ತುಂಬಾ ಜನ ಕೇಳುತ್ತಾರೆ. 1982ರಿಂದ ನಮ್ಮೂರಲ್ಲೇ ಇರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವದು, ಆಸೆ ಸಹಜ. ಅಲ್ಲಿಯ ಕಾಯಂ ಹುದ್ದೆಗಳಿಗೆ ಪ್ರಕಟಣೆ ಬರುತ್ತದೆ, ದೇಶದ ಎಲ್ಲ ಕಡೆಯವರೂ ಸ್ಪರ್ಧಿಸುತ್ತಾರೆ. ಯಾರದೇ ಮಾತಿನ ಮೇಲೆ ಸೇರಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ.

ಬೆಂಗಳೂರಿಗೆ ಹೋಗುವವರ ಜೊತೆ ಒಂದು ಹಾಳೆಯ ಮೇಲೆ ಖರ್ಚು ಬರೆಸಿ: ಪಿಜಿ ಬಾಡಿಗೆ, ಅಡ್ವಾನ್ಸ್, ಊಟ, ಬಸ್ ಅಥವಾ ಮೆಟ್ರೊ, ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವ ಖರ್ಚು. ಕೈಗೆ ಬರುವ ಸಂಬಳದಿಂದ ಕಳೆಯಿರಿ. ಹಾಸನದಲ್ಲಿ ನಾಲ್ಕು ಸಾವಿರ ಕಡಿಮೆ ಸಿಗುವ ಕೆಲಸದಲ್ಲಿ ಹೆಚ್ಚು ಉಳಿಯುವುದು ಎಷ್ಟೋ ಸಲ ಅಲ್ಲೇ ಕಾಣುತ್ತದೆ. ಹಾಗೆಂದು ಬೆಂಗಳೂರನ್ನು ತಪ್ಪಿಸಲು ನೋಡಬೇಡಿ. ಎರಡು ವರ್ಷದ ಅನುಭವಕ್ಕೆಂದು ಹೋಗುವುದು ಸರಿಯಾದ ಕಾರಣವೇ.

ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಒಂದು ಎಂದು ಜಗಳ ಮಾಡಿಕೊಂಡು ಬರುತ್ತಾರೆ. ಹೇಗೆ ವಿವರಿಸುವುದು?

ಸೇರುವ ಮೊದಲೇ ವಿವರಿಸಿ. ಕಂಪನಿ ಹೇಳುವ ಸಿಟಿಸಿ (ಒಬ್ಬ ನೌಕರರ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು), ಸಂಬಳ ಚೀಟಿಯ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ), ಬ್ಯಾಂಕಿಗೆ ಬೀಳುವ ದುಡ್ಡು, ಮೂರೂ ಬೇರೆ ಬೇರೆ.

ಒಂದು ಲೆಕ್ಕ ನೋಡಿ. ಗ್ರಾಸ್ ಸಂಬಳ 16,000 ರೂಪಾಯಿ, ಅದರಲ್ಲಿ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000 ಎಂದುಕೊಳ್ಳಿ. ನೌಕರರ ಪಾಲಿನ ಪಿಎಫ್ ಶೇ 12, ಅಂದರೆ 1,440. ಇಎಸ್‌ಐ (ನೌಕರರ ವಿಮೆ) ಗ್ರಾಸ್‌ನ ಶೇ 0.75, ಅಂದರೆ 120. ಕೈಗೆ 14,440. ಮಾಲೀಕರ ಕಡೆಯಿಂದ ಪಿಎಫ್ ಮತ್ತು ಅದರ ಇತರ ಶುಲ್ಕಕ್ಕೆ ಸುಮಾರು ಶೇ 13, ಅಂದರೆ 1,560. ಇಎಸ್‌ಐ ಶೇ 3.25, ಅಂದರೆ 520. ಇದೆಲ್ಲ ಸೇರಿಸಿ ಕಂಪನಿಯ ಲೆಕ್ಕದಲ್ಲಿ ನಿಮ್ಮ ಮೇಲಿನ ಖರ್ಚು 18,080. ಇಂಟರ್‌ವ್ಯೂನಲ್ಲಿ "ಹದಿನೆಂಟು ಸಾವಿರ" ಎಂದದ್ದು ಇದನ್ನೇ. ಮನೆಯವರು 18,000 ಬರುತ್ತದೆಂದು ಚೀಟಿ ಕಟ್ಟಲು ಒಪ್ಪಿಕೊಂಡಿರುತ್ತಾರೆ, ಬಂದದ್ದು ಹದಿನಾಲ್ಕು ಚಿಲ್ಲರೆ. ಜಗಳ ಹುಟ್ಟುವುದು ಅಲ್ಲಿ.

ಕಡಿತವೆಲ್ಲ ಮೋಸವಲ್ಲ ಎಂಬುದನ್ನೂ ತಿಳಿಸಿ. ಪಿಎಫ್ ಅವರದೇ ದುಡ್ಡು, ಪಿಎಫ್‌ನ ಯುಎಎನ್ ಸಂಖ್ಯೆ ಕೆಲಸ ಬದಲಾದರೂ ಬದಲಾಗುವುದಿಲ್ಲ. ತಿಂಗಳಿಗೆ 21,000ದವರೆಗಿನ ಸಂಬಳದವರಿಗೆ ಇಎಸ್‌ಐ ಇದ್ದರೆ ಅವರಿಗೂ, ಅವರನ್ನೇ ನಂಬಿರುವ ಅಪ್ಪ ಅಮ್ಮಂದಿರಿಗೂ ಚಿಕಿತ್ಸೆ ಸಿಗುತ್ತದೆ. ಕಡಿತ ಮಾಡಿಯೂ ಕಟ್ಟದೆ ಇರುವವರು ಇದ್ದಾರೆ, ಆದ್ದರಿಂದ ಪಿಎಫ್ ಪಾಸ್‌ಬುಕ್ಕನ್ನು ಮೊಬೈಲ್‌ನಲ್ಲಿ ತೆಗೆದು ನೋಡುವುದನ್ನು ನಿಮ್ಮ ಎದುರೇ ಒಮ್ಮೆ ಮಾಡಿಸಿ.

ಐಟಿಐ, ಡಿಪ್ಲೊಮಾ ಮಾಡಿದವರಿಗೆ?

ನನ್ನ ಅನುಭವದಲ್ಲಿ ಹಾಸನದಲ್ಲಿ ಬೇಗ ಕೆಲಸ ಸಿಗುವುದು ಇವರಿಗೇ. ಆದರೂ ಮನೆಯಲ್ಲಿ ಇವರಿಗೆ ಮರ್ಯಾದೆ ಕಡಿಮೆ, ಅದು ಬದಲಾಗಬೇಕು. 1961ರ ಕಾಯ್ದೆಯಡಿ ಅಪ್ರೆಂಟಿಸ್ ಆಗಿ ಸೇರಿದರೆ ಸ್ಟೈಪೆಂಡ್ ಜೊತೆ ಕೆಲಸ ಕಲಿಯಬಹುದು, ಕೊನೆಗೆ ಪ್ರಮಾಣಪತ್ರವೂ ಸಿಗುತ್ತದೆ. ಅಪ್ರೆಂಟಿಸ್ ಎಂದರೆ ಕಾಯಂ ಕೆಲಸದ ಭರವಸೆ ಅಲ್ಲ, ಇದನ್ನು ಮಾತ್ರ ಒತ್ತಿ ಹೇಳಿ. ಮುಂದೆ ಓದಬೇಕೆನ್ನುವವರಿಗೆ ಐಟಿಐನಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದಿಂದ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ.

ಸರ್ಕಾರಿ ಕೆಲಸಕ್ಕೇ ಓದುತ್ತೇನೆ, ಬೇರೆ ಏನೂ ಬೇಡ ಎನ್ನುವವರಿಗೆ?

ಆಸೆಯನ್ನು ಹೀಗಳೆಯಬೇಡಿ. ರೈತಾಪಿ ಮನೆಯಲ್ಲಿ ಸರ್ಕಾರಿ ಕೆಲಸ ಅಂದರೆ ಮಳೆ, ಬೆಲೆ ಎರಡರ ಭಯವೂ ಇಲ್ಲದ ತಿಂಗಳ ದುಡ್ಡು. ಕರಿಮೆಣಸಿನ ಬೆಲೆ ಬಿದ್ದ ವರ್ಷ, ಅಂಗಮಾರಿ ಬಂದು ಆಲೂಗಡ್ಡೆ ಹೊಲದಲ್ಲೇ ಕೊಳೆತ ವರ್ಷ ಕಂಡ ಮನೆಯವರು ಮಗನಿಗೆ ಆ ಭದ್ರತೆ ಬಯಸುವುದರಲ್ಲಿ ತಪ್ಪೇನಿದೆ?

ನಾವು ಕೇಳಬೇಕಾದ್ದು ಕೆಲವೇ. ಯಾವ ಪರೀಕ್ಷೆ? ಅದರ ವಯೋಮಿತಿಗೆ ಇನ್ನೆಷ್ಟು ವರ್ಷ ಇದೆ? ಕಳೆದ ಸಲ ಎಷ್ಟು ಅಂಕ ಬಂತು, ಕಟ್‌ಆಫ್ ಎಷ್ಟಿತ್ತು? ಕೋಚಿಂಗ್‌ಗೆ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಲು ಮನೆಯಲ್ಲಿ ಸಾಲ ಮಾಡಿದ್ದಾರಾ? ಇವಕ್ಕೆ ಉತ್ತರ ಬರೆದ ಮೇಲೆ ತಾವೇ ಒಂದು ಗಡುವು ಹಾಕಿಕೊಳ್ಳಲಿ. ಅಧಿಸೂಚನೆ ಬರುವವರೆಗೆ ಸುಮ್ಮನೆ ಕಾಯುವ ಬದಲು ಅರ್ಧ ದಿನದ ಕೆಲಸ, ಕಂಪ್ಯೂಟರ್ ಕಲಿಕೆ ಇಟ್ಟುಕೊಂಡರೆ ಓದು ಕೆಡುವುದಿಲ್ಲ. ಎಷ್ಟೋ ಜನಕ್ಕೆ ಓದುವ ಶಿಸ್ತು ಬರುವುದೇ ಆಗ.

ಯುವನಿಧಿ ಬರುತ್ತಿದೆ, ಕೆಲಸಕ್ಕೆ ಸೇರಿದರೆ ನಿಂತುಹೋಗುತ್ತದೆ ಎನ್ನುತ್ತಾರೆ?

ಹೌದು, ನಿಲ್ಲುತ್ತದೆ. 2022-23 ಮತ್ತು ನಂತರದ ಸಾಲಿನಲ್ಲಿ ತೇರ್ಗಡೆಯಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾ ಸಿಂಧು ಮೂಲಕ. ಕೆಲಸ ಸಿಕ್ಕಿಯೂ ಇಲ್ಲವೆಂದು ಸ್ವಯಂ ಘೋಷಣೆ ಕೊಡುವುದು ತಪ್ಪು, ಮುಂದೆ ತೊಂದರೆ ಕೊಡುತ್ತದೆ. ಅರ್ಹರಾಗಿದ್ದೂ ನಾಚಿಕೆಯಿಂದ ಅರ್ಜಿ ಹಾಕದವರಿಗೆ ಹಾಕಲು ಹೇಳಿ. ಇಂಟರ್‌ವ್ಯೂಗೆ ಹೋಗಲು ಒಂದು ಜೊತೆ ಒಳ್ಳೆ ಬಟ್ಟೆ, ಬಸ್ ಚಾರ್ಜಿಗೆ ಆ ದುಡ್ಡು ಬೇಕು.

ಅಂಗವಿಕಲರು ಬಂದಾಗ ಬೇರೆ ಕ್ರಮ ಇದೆಯೇ?

2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ 40 ಮತ್ತು ಹೆಚ್ಚು ಇರುವವರಿಗೆ ಸರ್ಕಾರಿ ನೇಮಕಾತಿಯಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆಯಾ ನೋಡಿ, ಇಲ್ಲದಿದ್ದರೆ ಅದೇ ಮೊದಲ ಕೆಲಸ. ಆಮೇಲೆ ಅವರಿಗೆ ಏನು ಆಗುವುದಿಲ್ಲ ಎಂದು ಕೇಳುವುದನ್ನು ಬಿಟ್ಟು, ಯಾವ ಅನುಕೂಲ ಮಾಡಿಕೊಟ್ಟರೆ ಏನೇನು ಆಗುತ್ತದೆ ಎಂದು ಕೇಳಿ. ಕಂಪನಿಗೆ ಕಳಿಸುವ ಮುನ್ನ ನೀವೇ ಹೋಗಿ ಮೆಟ್ಟಿಲು, ಶೌಚಾಲಯ, ಬಸ್‌ಸ್ಟಾಪಿನಿಂದ ಇರುವ ದೂರ ನೋಡಿಬನ್ನಿ. ಎರಡನೇ ಮಹಡಿಯ ಕಚೇರಿಗೆ ಊರುಗೋಲಿನವರನ್ನು ಕಳಿಸಿ ವಾಪಸ್ ಕರೆಸಿದರೆ ಅವರು ಮತ್ತೆ ನಮ್ಮ ಹತ್ತಿರ ಬರುವುದಿಲ್ಲ.

ಮೋಸದ ಕೆಲಸಗಳನ್ನು ಗುರುತಿಸಲು ಜನರಿಗೆ ಏನು ಹೇಳಿಕೊಡಬೇಕು?

ಕೆಲಸ ಕೊಡುವವರು ನಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ ಎಂದು ಹೇಳಿ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಲ್ಲಾದರೂ ಸರಿ. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡುವ ಕೆಲಸ ಎಂದು ಮೊದಲು ಇನ್ನೂರು ರೂಪಾಯಿ ಕೊಟ್ಟು, ಆಮೇಲೆ ಸಾವಿರಗಟ್ಟಲೆ ಹಾಕಿಸಿಕೊಳ್ಳುವ ಜಾಲಕ್ಕೆ ಓದಿದ ಮಕ್ಕಳೇ ಬೀಳುತ್ತಿದ್ದಾರೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಬೇಗ ತಿಳಿಸಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ಮೂಲ ಅಂಕಪಟ್ಟಿ ಯಾರಿಗೂ ಇಟ್ಟುಕೊಳ್ಳಲು ಕೊಡಬಾರದು, ತೋರಿಸಿ ವಾಪಸ್ ಪಡೆಯಬೇಕು.

ವಿದೇಶದ ಕೆಲಸಕ್ಕೆ ಏಜೆಂಟರು ಕರೆದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರೇ ಎಂದು ನೋಡಿ. ನೋಂದಾಯಿತರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳೋಣ ಎಂದರೆ ಹೋಗಲೇಬಾರದು. ಡೇಟಾ ಎಂಟ್ರಿ ಎಂದು ಥಾಯ್ಲೆಂಡ್‌ಗೆ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದ ಪ್ರಕರಣಗಳಿಂದ ಭಾರತೀಯರನ್ನು ಸರ್ಕಾರವೇ ಬಿಡಿಸಿ ತಂದಿದೆ. ಹಳ್ಳಿಯ ಸಭೆಗಳಲ್ಲಿ ಇದನ್ನು ಹೇಳಲೇಬೇಕು.

ಉದ್ಯೋಗ ಮೇಳಗಳಿಂದ ಉಪಯೋಗ ಇದೆಯೇ?

ತಯಾರಿಯಿಂದ ಬಂದವರಿಗೆ ಇದೆ. ಹಿಂದಿನ ದಿನವೇ ಬರುವ ಕಂಪನಿಗಳ ಪಟ್ಟಿ ನೋಡಿ ಮೂರು ನಾಲ್ಕನ್ನು ಆರಿಸಿಕೊಳ್ಳಲು ಹೇಳಿ. ಬಯೋಡೇಟಾ ಪ್ರತಿಗಳು, ಫೋಟೊ, ಆಧಾರ್ ಜೆರಾಕ್ಸ್ ಇರಲಿ. "ಸ್ಥಳದಲ್ಲೇ ನೇಮಕ" ಎಂದು ವೇದಿಕೆಯಲ್ಲಿ ಕೊಡುವ ಪತ್ರ ಎಷ್ಟೋ ಸಲ ಮುಂದಿನ ಸುತ್ತಿಗೆ ಕರೆಯಷ್ಟೇ ಆಗಿರುತ್ತದೆ. ಓದಿ ನೋಡಿದ ಮೇಲೆ ಸಿಹಿ ಹಂಚಲಿ. ನಮ್ಮ ಕಡೆ ಮೇಳದ ದಿನಾಂಕ ಗೊತ್ತುಮಾಡುವವರಿಗೆ ಒಂದು ಮಾತು: ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು. ಆಗ ಮಲೆನಾಡಿನ ತಾಲ್ಲೂಕುಗಳ ಯುವಕರು ತೋಟದಲ್ಲಿರುತ್ತಾರೆ. ಅವರಿಗೂ ಬರಲು ಆಗುವ ತಿಂಗಳು ಇಡಿ.

ತೀರಾ ಕುಗ್ಗಿಹೋದವರು ಬಂದರೆ?

ಬಯೋಡೇಟಾ ಪಕ್ಕಕ್ಕಿಡಿ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೆಯಲ್ಲಿ ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಿ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಲು ಹೆದರಬೇಡಿ, ಕೇಳಿದ್ದರಿಂದ ಯಾರಿಗೂ ಆ ಯೋಚನೆ ಬರುವುದಿಲ್ಲ. ಹೌದೆಂದರೆ ಒಬ್ಬರನ್ನೇ ಕಳಿಸಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಿ, ಮನೆಯವರನ್ನು ಕರೆಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಿಕೊಡಿ. ನಾವು ವೈದ್ಯರಲ್ಲ. ಎಲ್ಲಿ ಕೈ ಬದಲಾಗಬೇಕು ಎಂದು ತಿಳಿದಿರುವುದೂ ಈ ವೃತ್ತಿಯ ಭಾಗ.

ನಮ್ಮ ಕೆಲಸ ಚೆನ್ನಾಗಿ ಆಗುತ್ತಿದೆ ಎಂದು ತಿಳಿಯುವುದು ಹೇಗೆ? ಮೇಲಿನವರು ಕೇಳುವುದು ಪ್ಲೇಸ್‌ಮೆಂಟ್ ಸಂಖ್ಯೆ ಮಾತ್ರ.

ಸಂಖ್ಯೆ ಕೊಡಲೇಬೇಕು, ಕೊಡಿ. ಅದರ ಪಕ್ಕದಲ್ಲಿ ನಿಮ್ಮದೇ ಒಂದು ರಿಜಿಸ್ಟರ್ ಇಟ್ಟುಕೊಳ್ಳಿ: ಸೇರಿದವರು ಮೂರನೇ ತಿಂಗಳಲ್ಲಿ ಅಲ್ಲೇ ಇದ್ದಾರಾ?

ಮೊದಲ ತಿಂಗಳು ಹೊಸತನದಲ್ಲಿ ಕಳೆಯುತ್ತದೆ. ಎರಡನೇ ತಿಂಗಳು ಸಂಬಳ ಚೀಟಿ ನೋಡಿ ಬೇಸರ, ಪಿಜಿ ಊಟ, ಸೂಪರ್‌ವೈಸರ್ ಬೈಗುಳ, ಟಾರ್ಗೆಟ್. ಮೂರನೇ ತಿಂಗಳಿಗೆ ಬಿಡುವುದೋ ಇರುವುದೋ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಒಂದು ಫೋನ್ ಹೋಗಬೇಕು. ಭಾನುವಾರ ಸಂಜೆ ಮಾಡಿದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಶಿಫ್ಟಿನ ನಡುವೆ ಮಾಡಿದರೆ "ಚೆನ್ನಾಗಿದ್ದೀನಿ ಮೇಡಂ" ಎಂದಿಟ್ಟುಬಿಡುತ್ತಾರೆ. ಏನು ತೊಂದರೆ ಎಂದು ಕೇಳಿ. ಎಷ್ಟೋ ಸಲ ಅದು ಮಾತಿನಲ್ಲೇ ಬಗೆಹರಿಯುವಂಥದ್ದು: ವಿಭಾಗ ಬದಲಾವಣೆ, ವಾರದ ರಜೆ, ಊರಿನವರ ಜೊತೆ ಒಂದೇ ರೂಮು. ಅವರು ಒಪ್ಪಿದರೆ ನೀವೇ ಎಚ್‌ಆರ್‌ಗೆ ಹೇಳಿ.

ಒಂದೇ ಕಂಪನಿಯಿಂದ ಸಾಲಾಗಿ ಜನ ಬಿಟ್ಟು ಬರುತ್ತಿದ್ದರೆ ಆ ರಿಜಿಸ್ಟರ್ ಹಿಡಿದುಕೊಂಡು ಅಲ್ಲಿಗೆ ಹೋಗಿ, ಕ್ಯಾಂಟೀನ್ ನೋಡಿ, ಶಿಫ್ಟ್ ಬಿಡುವ ಹೊತ್ತಿನಲ್ಲಿ ಗೇಟಿನ ಹತ್ತಿರ ನಿಂತು ನಾಲ್ಕು ಜನರ ಹತ್ತಿರ ಮಾತಾಡಿ. ಸರಿಹೋಗುವವರೆಗೆ ಅಲ್ಲಿಗೆ ಯಾರನ್ನೂ ಕಳಿಸಬೇಡಿ, ಆ ತಿಂಗಳ ಸಂಖ್ಯೆ ಕಡಿಮೆಯಾದರೂ ಸರಿ. ಕಾರಣವನ್ನು ವರದಿಯಲ್ಲಿ ಬರೆದು ಮೇಲಿನವರಿಗೆ ಕಳಿಸಿ.